ಗೋಡೆಯಾಚೆ ಅರಳುತ್ತಿದ್ದ ದಾಸವಾಳ

ದೇವರ ಹೆಸರು ಹೇಳಿಬಿಟ್ಟರೆ ಪರರ ಕಾಂಪೌಂಡೂ ತಮ್ಮದೇ ಎಂದು ನಂಬಿದವರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ, ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲೊಂದು ಕೆಂಪು ದಾಸವಾಳವಿತ್ತು. ಅವ್ವ ತನ್ನ ತವರು ಕಮಲಾಪುರದಿಂದ ಟೊಂಗೆಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ತನ್ನ ಕೋಣೆಯ ಕಿಟಕಿಯೆದುರು ನೆಟ್ಟದ್ದು.

ಅವಳು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿಯುವ ಹೊತ್ತಿಗೆ ಗಿಡ ಅಂಕೆಯಿಲ್ಲದೆ ಬೆಳೆದು ರಸ್ತೆಯ ಕಡೆ ವಾಲಿತ್ತು. ಹೂವೆಲ್ಲ ಗೋಡೆಯಾಚೆ, ಕಿಟಕಿಯಿಂದ ಕಾಣುತ್ತಿದ್ದುದು ಬರೀ ಬೋಳು ಕಾಂಡ. "ನಾ ಹಚ್ಚಿದ ಗಿಡದಾಗ ಒಂದು ಹೂವು ಅರಳಿದ್ದು ನನ್ನ ಕಣ್ಣಿಗಿ ಬೀಳವಲ್ದು," ಎಂದು ಅವ್ವ ಹಲುಬುತ್ತಿದ್ದಳು.

ನಸುಕಿನಲ್ಲೇ ಓಣಿಯ ಭಕ್ತರು ಕೊಕ್ಕೆ ಹಿಡಿದು ಬಂದು ಬುಟ್ಟಿ ತುಂಬಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಮುಂದೆ ಎದುರು ಮನೆಯ ಕಾಕಾ. ಪೂಜೆಯ ಹೂವಿಗೆ ಯಾರನ್ನೂ ಕೇಳಬೇಕಿಲ್ಲವಂತೆ! ಅವರ ಸ್ವಂತ ಅಂಗಳದಲ್ಲಿ ಮಾತ್ರ ಹುಲ್ಲುಕಡ್ಡಿಯೂ ಇರಲಿಲ್ಲ. ಪೂರ್ತಿ ಫರಸಿ ಕಲ್ಲು ಹಾಸಿ ಸ್ಕೂಟರ್ ನಿಲ್ಲಿಸಿದ್ದರು.

ಚಳಿ ಇಳಿಯುತ್ತಿದ್ದಂತೆ ನಾನು ಕತ್ತರಿ ಹಿಡಿದೆ. ಅವ್ವ ಮಲಗಿದಲ್ಲಿಂದಲೇ ಹೇಳಿಕೊಟ್ಟಳು. "ಕಿಟಕಿ ಕೆಳಗ ಬರೂತನ ಇಳಸು. ಹೊರಗ ಮುಖ ಮಾಡಿದ ಚಿಗುರಿನ ಕಣ್ಣು ನೋಡಿ, ಅದರ ಮ್ಯಾಲೆ ಓರಿಯಾಗಿ ಕತ್ತರಸು. ಅಂಜಬ್ಯಾಡ, ಒತ್ತಾಗಿ ಚಿಗುರು ಒಡೀತದ."

ಟೊಂಗೆ ಬೀಳುವ ಸದ್ದಿಗೆ ಕಾಕಾ ಓಡಿ ಬಂದರು. "ಏನ್ ತಂಗಿ, ದೇವರ ಗಿಡಕ್ಕ ಕತ್ತರಿ ಹಚ್ಚೀದಿ? ಪಾಪ ಹತ್ತತದ! ನಾಳೆ ಪೂಜಿಗಿ ನಾ ಹೂವು ಎಲ್ಲಿಂದ ತರ್ಲಿ?"

"ಬಜಾರದಾಗ ಸಿಗ್ತಾವ್ರಿ, ಕಾಕಾ."

ಮುಖ ಗಂಟಿಕ್ಕಿ ಹೋದವರು ಓಣಿಯೆಲ್ಲ ಡಂಗುರ ಸಾರಿದರು: ತಾಯಿ ಹಾಸಿಗೆಯಲ್ಲಿರುವಾಗ ಹಸಿ ಗಿಡ ಕಡಿದಿದ್ದಾಳೆ, ಮನೆಗೆ ಕೇಡು ತಪ್ಪದು. ವರ್ಷಗಟ್ಟಲೆ ಹೂ ಕಿತ್ತೊಯ್ದ ಈ ಪುಣ್ಯವಂತರಲ್ಲಿ ಒಬ್ಬರಾದರೂ ಒಳಗೆ ಬಂದು ಅವ್ವ ಹೇಗಿದ್ದಾಳೆ ಎಂದು ಕೇಳಿದ್ದರೇ? ನನ್ನ ಸಿಟ್ಟೆಲ್ಲ ಅದಕ್ಕೇ. ಆದರೂ ದಿನಾ ಬೆಳಿಗ್ಗೆ ಆ ಮೋಟು ಗಿಡದ ತೊಗಟೆಯನ್ನು ಉಗುರಿನಿಂದ ಕೆರೆದು, ಒಳಗೆ ಹಸಿರಿದೆಯೇ ಎಂದು ನೋಡುತ್ತಿದ್ದೆ. ಒಣಗಿಬಿಟ್ಟರೆ ಅವ್ವನಿಗೆ ಏನು ಹೇಳಲಿ?

ಒಣಗಲಿಲ್ಲ. ಬುಡದಿಂದಲೇ ಚಿಗುರೊಡೆದು ಪೊದೆಯಾಯಿತು. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ, ಕಿಟಕಿಯ ನೇರಕ್ಕೆ ಮೊದಲ ಹೂವು ಅರಳಿತ್ತು. ಅವ್ವನನ್ನು ದಿಂಬಿಗೆ ಒರಗಿಸಿ ಕೂರಿಸುತ್ತಿದ್ದೆ, ಗೇಟು ಕಿರುಗುಟ್ಟಿತು. ಮತ್ತೆ ಅದೇ ಕಾಕಾ! ಗೋಡೆಯಾಚೆ ಈಗ ಹೂವಿಲ್ಲವಲ್ಲ, ಸೀದಾ ಒಳಗೇ ಬಂದು ಕೈ ಚಾಚಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ, ಜನ್ಮವಿಡೀ ಮೊದಲ ಹೂವನ್ನು ದೇವರಿಗೇ ಏರಿಸುತ್ತ ಬಂದಿದ್ದ ಅವ್ವ ಕಿಟಕಿಯ ಸರಳು ಹಿಡಿದು ಕೂಗಿದಳು. "ಮುಟ್ಟಬ್ಯಾಡ್ರಿ! ದೇವರಿಗಿ ನಾಳೆ. ಇವತ್ತು ನಾ ನೋಡ್ತೀನಿ."

ಕಾಕಾ ಕೈ ಹಿಂದೆಗೆದುಕೊಂಡರು. ಹೂವು ಸಂಜೆ ಮುದುಡುವವರೆಗೂ ಗಿಡದಲ್ಲೇ ಇತ್ತು. ಅವ್ವ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.