ಏಳನೇ ಲೇನಿನ ಬುಟ್ಟಿ

ನಮ್ಮ ಅತ್ತಿಗೆ ಮೂವತ್ತನಾಲ್ಕು ವರ್ಷ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ನಡೆಸಿದವರು. ಅವರು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆಯಲ್ಲಿ ಈರುಳ್ಳಿ ಹೆಚ್ಚಬಹುದಿತ್ತು. ಅವರು ಗಂಜಿ ಹಾಕಿದ ಶರ್ಟು ತೊಟ್ಟ ಬ್ಯಾಂಕ್ ಮ್ಯಾನೇಜರೊಬ್ಬ ಮೂರು ದಿನ ಬಗ್ಗಲಾಗದೆ, ಬೂಟಿನ ಲೇಸು ಕಟ್ಟಿಸಿಕೊಳ್ಳಲು ಹೆಂಡತಿಯನ್ನು ಆಫೀಸಿಗೆ ಕರೆದೊಯ್ಯುತ್ತಿದ್ದ. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಬೇಡ, ಎರಡೇ ದಿನ ಎಂದುಕೊಳ್ಳಲಿ.

ಅಂಗಡಿಯಲ್ಲಿ ಅವರದೊಂದು ಪದ್ಧತಿಯಿತ್ತು. ಬಟ್ಟೆ ಯಾರದ್ದೇ ಆಗಿರಲಿ, ಕೈಗೆ ಬಂದ ಕೂಡಲೇ ಮೊದಲು ಜೇಬು ತಡಕಬೇಕು. ಒಳಮೈ ಹೊರಗಾಗಿದ್ದರೆ ಸರಿಮಾಡಬೇಕು. ಆಮೇಲೆ ಮಡಿಸಬೇಕು. ಜೇಬಿನಲ್ಲಿ ಸಿಕ್ಕಿದ್ದೆಲ್ಲ ಪುಟ್ಟ ಬಟ್ಟೆಚೀಲಕ್ಕೆ ಹೋಗಬೇಕು, ಚೀಲಕ್ಕೊಂದು ನಂಬರಿನ ಚೀಟಿ ಬೀಳಬೇಕು. ಹೀಗೆ ಅವರು ಕಾಪಾಡಿ ಹಿಂತಿರುಗಿಸಿದ್ದರಲ್ಲಿ ಬೀಗದ ಕೈಗಳು, ಒಂದು ಹಲ್ಲಿನ ಸೆಟ್ಟು, ಎರಡು ಪ್ರೇಮಪತ್ರಗಳು ಸೇರಿವೆ. ಪತ್ರಗಳಲ್ಲಿ ಒಂದನ್ನು ಗಿರಾಕಿಯ ಹೆಂಡತಿಯ ಕೈಗೇ ಕೊಟ್ಟರು. ಬರೆದವಳು ಬೇರೆಯವಳಾಗಿದ್ದರಿಂದ ಆ ಮನೆಯ ಬಟ್ಟೆ ಮತ್ತೆಂದೂ ನಮ್ಮ ಅಂಗಡಿಗೆ ಬರಲಿಲ್ಲ.

ಅರವತ್ತೊಂದನೇ ವಯಸ್ಸಿಗೆ ಅಂಗಡಿಯನ್ನು ಸೊಸೆಗೆ ವಹಿಸಿದರು. ಅದೇ ವರ್ಷ ಜಗತ್ತಿನ ಓಟಗಾರರೆಲ್ಲ ಸೇರುವ ದೊಡ್ಡ ಕ್ರೀಡಾಕೂಟ ಊರಿಗೆ ಬಂತು. ಅದಕ್ಕೆಂದು ಕಟ್ಟಿದ ಕ್ರೀಡಾಂಗಣ ಎಷ್ಟು ದೊಡ್ಡದೆಂದರೆ, ಒಂದು ತುದಿಯಲ್ಲಿ ಕೆಮ್ಮಿದ್ದು ಇನ್ನೊಂದು ತುದಿಗೆ ಕೇಳಿಸುವಷ್ಟರಲ್ಲಿ ಕೆಮ್ಮು ವಾಸಿಯಾಗಿರುತ್ತಿತ್ತು. ಸ್ವಯಂಸೇವಕರು ಬೇಕೆಂಬ ಸುದ್ದಿ ಕಂಡದ್ದೇ ಅತ್ತಿಗೆ ಸೊಸೆಯಿಂದ ಅರ್ಜಿ ಬರೆಸಿದರು. ಯಾಕೆ ಬರಲು ಇಷ್ಟ ಎಂಬ ಪ್ರಶ್ನೆಗೆ ಅವಳು ದೇಶ, ಸೇವೆ ಎಂದೆಲ್ಲ ಶುರುಮಾಡಿದ್ದನ್ನು ಹೊಡೆದುಹಾಕಿಸಿ ತಾವೇ ಹೇಳಿದರು.

"ಹೀಗೆ ಬರಿ. ಇಷ್ಟು ವರ್ಷ ಜನರ ಬಟ್ಟೆ ನನ್ನ ಹತ್ರ ಬರ್ತಿತ್ತು, ಜನ ಮಾತ್ರ ಎಲ್ಲೆಲ್ಲೋ ಹೋಗ್ತಿದ್ರು. ಒಂದ್ಸಲ ಬಟ್ಟೆ ಜೊತೆ ನಾನೂ ಹೋಗ್ಬೇಕು."

ಅರ್ಜಿ ಓದಿದ ಪುಣ್ಯಾತ್ಮರು ಯಾರೋ, ಅವರಿಗೆ ಬುಟ್ಟಿಯ ಕೆಲಸವನ್ನೇ ಕೊಟ್ಟರು. ಇನ್ನೂರು ಮೀಟರ್ ಓಟ ಶುರುವಾಗುವುದು ಒಂದು ಕಡೆ, ಮುಗಿಯುವುದು ಇನ್ನೊಂದು ಕಡೆ. ಓಟಗಾರರು ಶುರುವಿನಲ್ಲಿ ಮೇಲಂಗಿ, ಪ್ಯಾಂಟು ಕಳಚಿ ತಮ್ಮ ತಮ್ಮ ಲೇನಿನ ನಂಬರಿರುವ ಬುಟ್ಟಿಗೆ ಹಾಕುತ್ತಾರೆ. ಎಂಟು ಸ್ವಯಂಸೇವಕರು ಆ ಎಂಟು ಬುಟ್ಟಿಗಳನ್ನು ಹಿಡಿದು, ಸಾಲಾಗಿ, ಒಂದೇ ಹೆಜ್ಜೆಯಲ್ಲಿ, ಗ್ಯಾಲರಿಯ ಕೆಳಗಿನ ಸುರಂಗದ ಮೂಲಕ ಹೊರಬಾಗಿಲಿಗೆ ಒಯ್ಯಬೇಕು. ಓಡಿ ಸುಸ್ತಾಗಿ ಬಂದವರಿಗೆ ಬಟ್ಟೆ ಅಲ್ಲಿ ಕಾಯುತ್ತಿರಬೇಕು. ಕೊನೆಯ ದಿನದ ಹೆಂಗಸರ ಫೈನಲ್ಲಿಗೆ ಮಾತ್ರ, ಇದ್ದ ಇಪ್ಪತ್ತನಾಲ್ಕು ಸ್ವಯಂಸೇವಕರಲ್ಲಿ ಎಂಟೇ ಮಂದಿಯನ್ನು ಆರಿಸುತ್ತಾರೆ. ಅತ್ತಿಗೆ ಆ ಎಂಟರಲ್ಲಿ ತಾವೊಬ್ಬರು ಎಂದು ಮನಸ್ಸಿನಲ್ಲೇ ಬರೆದುಕೊಂಡುಬಿಟ್ಟರು. ಮೊಣಕಾಲು ನೋವಿಗೆ ಈ ವಿಷಯ ತಿಳಿಸಲೇ ಇಲ್ಲ.

ಮೊದಲ ದಿನವೇ ಎಡವಟ್ಟಾಯಿತು. ನಾಲ್ಕನೇ ಲೇನಿನ ಹುಡುಗಿ ಬಟ್ಟೆ ಎಸೆದು ಹೋದಳು. ಅತ್ತಿಗೆಯ ತಲೆ ಹೆಜ್ಜೆ ಎಣಿಸುತ್ತಿತ್ತು. ಕೈಗಳು ತಮ್ಮ ಪಾಡಿಗೆ ತಾವು ಅಂಗಡಿ ತೆರೆದಿದ್ದವು. ಸುರಂಗ ದಾಟುವಷ್ಟರಲ್ಲಿ ಜೇಬು ಖಾಲಿ, ಒಳಮೈ ಸರಿ, ಮಡಿಕೆ ಮುಗಿದಿತ್ತು. ಓಟ ಮುಗಿಸಿ ಬಂದ ಹುಡುಗಿ ಜೇಬಿಗೆ ಕೈಹಾಕಿದಳು, ಇನ್ನೊಂದು ಜೇಬಿಗೆ ಹಾಕಿದಳು, ಬುಟ್ಟಿ ಬೋರಲು ಹಾಕಿದಳು, ಅಳತೊಡಗಿದಳು. ಓಟಕ್ಕೆ ಮುಂಚೆ ಬೆರಳಿನಿಂದ ತೆಗೆದಿಟ್ಟ ಉಂಗುರ ಕಾಣೆಯಾಗಿತ್ತು. ಅತ್ತಿಗೆ ಹೆಮ್ಮೆಯಿಂದಲೇ ಸೊಂಟದ ಚೀಲ ಬಿಚ್ಚಿ, ಉಂಗುರ, ಎರಡು ಕೂದಲ ಪಿನ್ನು, ಒಂದು ಚಾಕೊಲೇಟಿನ ಕಾಗದ, ಜೊತೆಗೆ ನಾಲ್ಕು ಎಂದು ಬರೆದ ಚೀಟಿಯನ್ನು ಮುಂದೆ ಹಿಡಿದರು. ಹುಡುಗಿ ಉಂಗುರ ಕಸಿದುಕೊಂಡಳು. ಥ್ಯಾಂಕ್ಸ್ ಬರಲಿಲ್ಲ, ಮೇಲ್ವಿಚಾರಕಿ ಬಂದರು.

ಕುತ್ತಿಗೆಯಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಎಲ್ಲರಿಗೂ ಅವರು ಸೀಟಿ ಮೇಡಂ. ಓಟಗಾರರ ವಸ್ತುವನ್ನು ಯಾರೂ ಮುಟ್ಟಬಾರದು ಎಂಬ ನಿಯಮವನ್ನು ತರಬೇತಿಯಲ್ಲಿ ಒಂಬತ್ತು ಸಲ ಹೇಳಿದ್ದವರು.

"ಆ ಹುಡುಗಿ ಕಳ್ಳತನ ಅಂತ ಬರೆದುಕೊಟ್ರೆ ನಾನೇನಮ್ಮಾ ಮಾಡ್ಲಿ?" ಎಂದರು. "ನಾಳೆಯಿಂದ ಕೆಳಗೆ ಲಾಂಡ್ರಿಗೆ ಹೋಗಿ. ಅಲ್ಲಿ ನಿಮ್ಮ ಕೈಗೆ ಬೇಕಾದಷ್ಟು ಕೆಲಸ ಇದೆ."

ಅತ್ತಿಗೆ ತಪ್ಪು ಒಪ್ಪಿಕೊಂಡರು. ಲಾಂಡ್ರಿಯನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. "ಲಾಂಡ್ರಿ ನೋಡೋಕೆ ನಾನು ಮನೆ ಬಿಟ್ಟು ಬರ್ಬೇಕಿತ್ತಾ ಮೇಡಂ? ನಾಳೆ ಬೆಳಗ್ಗೆ ಒಂದೇ ಒಂದು ಸಲ ಬುಟ್ಟಿ ಕೊಡಿ. ಕೈ ಒಳಗೆ ಹೋದ್ರೆ ನಾನೇ ಕತ್ತಿನ ಐಡಿ ಕಾರ್ಡು ಬಿಚ್ಚಿಟ್ಟು ಹೋಗ್ತೀನಿ." ಸೀಟಿ ಮೇಡಂ ಒಂದೇ ಸಲ ಎಂದರು.

ಸಂಜೆ ಮನೆಯ ಹಜಾರ ಓಟದ ಮೈದಾನವಾಯಿತು. ಸೊಸೆ ಅಂಗಡಿಯಿಂದ ಪ್ಲಾಸ್ಟಿಕ್ ಬುಟ್ಟಿ ತಂದಳು. ಅಂಗಿಗಳನ್ನು ಒಳಮೈ ಹೊರಗೆ ಮಾಡಿ ತುಂಬಿದೆವು. ಒಂದರ ಜೇಬಿನಲ್ಲಿ ನಾನು ಮೊಬೈಲ್ ಇಟ್ಟು, ಅವರು ಅಡಿಗೆಮನೆ ತಲುಪಿದಾಗ ರಿಂಗ್ ಮಾಡಿದೆ. ಕೈ ಜೇಬಿಗೆ ಹೋಗಿಯೇಬಿಟ್ಟಿತು. ಮತ್ತೆ ಬಾಗಿಲಿಂದ ಶುರು.

"ಅತ್ತೆ, ಕೈಗೆ ಗ್ಲೌಸ್ ಹಾಕೊಳ್ಳಿ," ಎಂದಳು ಸೊಸೆ.

"ಕೈಗೆ ಗ್ಲೌಸ್ ಹಾಕಿದ್ರೆ ಬುದ್ಧಿ ಬರುತ್ತಾ ಕಣೇ?" ಎಂದು ಅತ್ತಿಗೆ ಬುಟ್ಟಿ ಎತ್ತಿಕೊಂಡರು.

ಹನ್ನೊಂದನೇ ಸುತ್ತಿಗೆ ಕೈ ಅರ್ಧ ದಾರಿಗೆ ಹೋಗಿ ವಾಪಸಾಯಿತು. ಹತ್ತೊಂಬತ್ತನೆಯದಕ್ಕೆ ಬೆರಳುಗಳು ಬುಟ್ಟಿಯ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದವೆಂದರೆ ಪ್ಲಾಸ್ಟಿಕ್ಕಿನಲ್ಲಿ ಬೆರಳಚ್ಚು ಮೂಡಿತು. ಅಲ್ಲಿಯವರೆಗೆ ಮೂಲೆಯಲ್ಲಿ ಕೂತಿದ್ದ ಅಣ್ಣ ಎದ್ದು ಒಳಗೆ ಹೋಗಿ, ತನ್ನ ಮದುವೆಯ ಕೋಟು ತಂದ. ಅದನ್ನು ಮೂವತ್ತೆಂಟು ವರ್ಷ ಅತ್ತಿಗೆ ಒಂದು ಸುಕ್ಕು ಬೀಳದಂತೆ ಕಾಪಾಡಿದ್ದರು. ಅವರ ಕಣ್ಣೆದುರೇ ಅದನ್ನು ಹಿಂಡಿ, ಮುದ್ದೆ ಮಾಡಿ, ಬುಟ್ಟಿಗೆ ಎಸೆದ.

"ಇದನ್ನ ಹೊತ್ಕೊಂಡು ಹೋಗು ನೋಡೋಣ," ಎಂದ.

ಅತ್ತಿಗೆಯ ಮುಖ ಕೆಂಪಗಾಯಿತು. ಗಂಡನನ್ನು ನೋಡಿದ ನೋಟಕ್ಕೆ ಹಸಿ ಸೌದೆ ಹೊತ್ತಿಕೊಳ್ಳಬೇಕಿತ್ತು. ಆದರೆ ಬುಟ್ಟಿ ಎತ್ತಿದರು, ನೆಟ್ಟಗೆ ನಡೆದರು, ಹಿತ್ತಲ ಬಾಗಿಲಲ್ಲಿ ಇಟ್ಟರು. ಕೋಟು ಮುದ್ದೆಯಾಗಿಯೇ ಇತ್ತು. ಇನ್ನೂ ಎಂಟು ಸುತ್ತು ನಡೆದ ಮೇಲೆಯೇ ಅವರು ನೀರು ಕುಡಿದದ್ದು.

ಮರುದಿನ ಬೆಳಗ್ಗೆ ಗಂಡಸರ ಓಟ. ಅವರ ಲೇನಿಗೆ ಬಂದವನು ತೆಂಗಿನಮರದಷ್ಟು ಎತ್ತರ. ಅವನ ಪ್ಯಾಂಟಿನಲ್ಲಿ ನಮ್ಮ ಬೀದಿಯವರೆಲ್ಲ ಒಂದೊಂದು ಪ್ಯಾಂಟು ಹೊಲಿಸಿಕೊಳ್ಳಬಹುದಿತ್ತು. ಅವನು ಅದನ್ನು ಒದ್ದು ಕಳಚಿದ ರಭಸಕ್ಕೆ ಒಂದು ಕಾಲು ಬುಟ್ಟಿಯೊಳಗೆ ಬಿತ್ತು, ಇನ್ನೊಂದು ಹೊರಗೆ ಜೋತಾಡಿತು. ಸಾಲು ಹೊರಟಿತು. ಇಪ್ಪತ್ತು ಹೆಜ್ಜೆಗೆ ಆ ಪ್ಯಾಂಟಿನ ಕಾಲು ಅತ್ತಿಗೆಯ ಕಾಲಿಗೆ ತೊಡರತೊಡಗಿತು. ಬೆರಳ ತುದಿಯಿಂದ ಒಳಗೆ ತಳ್ಳಿದರೆ ಮುಗಿಯುತ್ತಿತ್ತು. ಸುರಂಗದ ಬಾಯಲ್ಲಿ ಸೀಟಿ ಮೇಡಂ ನಿಂತಿದ್ದರು. ನಿಂತುಬಿಟ್ಟರೆ ಹಿಂದಿನವರು ಬಂದು ಡಿಕ್ಕಿ ಹೊಡೆಯುತ್ತಾರೆ. ನಡೆದರೆ ಮುಗ್ಗರಿಸುವುದು ಖಚಿತ. ಅತ್ತಿಗೆ ಬುಟ್ಟಿಯನ್ನು ಎದೆಗೆ ಎತ್ತಿದರು, ಸಾಲಲಿಲ್ಲ. ಹೆಗಲಿಗೆ ಎತ್ತಿದರು, ಸಾಲಲಿಲ್ಲ. ಕೊನೆಗೆ ತಲೆಯ ಮೇಲಿಟ್ಟು ಎರಡೂ ಕೈಯಲ್ಲಿ ಅಂಚು ಹಿಡಿದರು. ಮೂಗಿನ ಮುಂದೆ ಪ್ಯಾಂಟಿನ ಕಾಲು ಆನೆಯ ಸೊಂಡಿಲಿನಂತೆ ತೂಗಾಡುತ್ತಿತ್ತು. ಮೊಣಕಾಲು ಸೀದುಹೋಗುತ್ತಿತ್ತು. ಹೆಜ್ಜೆ ಮಾತ್ರ ಮುಂದಿನವರ ಹೆಜ್ಜೆಗೆ ಸರಿಯಾಗಿಯೇ ಬಿತ್ತು.

ಓಟಗಾರ ಬಂದು ಬಟ್ಟೆ ಎತ್ತಿಕೊಂಡ, ಜೇಬಿನಿಂದ ಫೋನು ತೆಗೆದ, ಮಾತಾಡುತ್ತಾ ಹೋದ. ಸೀಟಿ ಮೇಡಂ ಹತ್ತಿರ ಬಂದರು.

"ತಲೆ ಮೇಲೆ ಹೊರೋಕೆ ಯಾರು ಹೇಳಿದ್ರು?"

"ಮುಟ್ಬೇಡಿ ಅಂದಿದ್ರಿ. ಎತ್ಬೇಡಿ ಅಂತ ಒಂಬತ್ತು ಸಲದಲ್ಲಿ ಒಂದ್ಸಲಾನೂ ಅನ್ಲಿಲ್ಲ."

ಮೇಡಂ ನಗಲಿಲ್ಲ. ಪಟ್ಟಿ ತೆಗೆದು ಫೈನಲ್ಲಿನ ಏಳನೇ ಬುಟ್ಟಿಯ ಎದುರು ಅತ್ತಿಗೆಯ ನಂಬರು ಬರೆದರು. ಬುಟ್ಟಿ ಸೊಂಟದ ಮಟ್ಟದಲ್ಲೇ ಇರಬೇಕು ಎಂದು ಎಚ್ಚರಿಸಿ ಹೋದರು.

ಕೊನೆಯ ದಿನ ಅತ್ತಿಗೆ ಆ ಬುಟ್ಟಿ ಹಿಡಿದು ಹೊರಟಾಗ ಕ್ರೀಡಾಂಗಣ ತುಂಬಿತ್ತು. ಗುಂಡಿನ ಸದ್ದು ಕೇಳುವಷ್ಟರಲ್ಲಿ ಎಂಟೂ ಜನ ಸುರಂಗದೊಳಗಿದ್ದರು. ತಲೆಯ ಮೇಲೆ ಸಾವಿರಾರು ಕಾಲುಗಳು ಗುಡುಗಿದವು, ಗೋಡೆ ನಡುಗಿತು. ಯಾರೂ ಹಿಂತಿರುಗಿ ನೋಡಲಿಲ್ಲ.

ಸಂಜೆ ನಾವು ಮೂವರೂ ಬಾಗಿಲಲ್ಲೇ ಕಾದಿದ್ದೆವು. ಗೆದ್ದವಳು ಎದುರಿಗೆ ಹೇಗೆ ಕಾಣುತ್ತಿದ್ದಳು ಎಂದು ಸೊಸೆ ಕೇಳಿದಳು.

"ಗೆದ್ದವಳು ಯಾರೋ ನಂಗೊತ್ತಿಲ್ಲ ಕಣೇ," ಎಂದರು ಅತ್ತಿಗೆ, ಚಪ್ಪಲಿ ಬಿಡುತ್ತಾ. "ಏಳನೇ ಲೇನಿನವಳ ಜಾಕೆಟ್ಟು ಒಳಮೈ ಹೊರಗಾಗಿ ಬಿತ್ತು. ಹಾಗೇ ತಲುಪಿಸಿದೆ."