ಗ್ಲಾಸು ತೊಳೆಯುವ ಅಕ್ಕನ ಮೂಗು

ವೈನ್ ರುಚಿ ನೋಡುವ ಕೋಣೆಯಲ್ಲಿ ಅಕ್ಕ ಇಪ್ಪತ್ತು ವರ್ಷದಿಂದ ಗ್ಲಾಸು ತೊಳೆಯುತ್ತಿದ್ದಳು. ಒಂದು ತೊಟ್ಟೂ ಕುಡಿದವಳಲ್ಲ, ಆದರೆ ಪ್ರತಿ ಗ್ಲಾಸನ್ನೂ ಮೂಸಿಯೇ ನೀರಿಗೆ ಹಾಕುವಳು. ಅಂದು ಹೊಸ ಕೆಂಪು ವೈನ್ ಬಾಯಿಗಿಟ್ಟ, ರುಚಿ ನೋಡುವವರ ಮುಖ್ಯಸ್ಥರು ಮುಖ ಕಿವುಚಿ, "ಥೂ, ರಟ್ಟಿನ ವಾಸನೆ! ಇಡೀ ಪೀಪಾಯಿ ಚೆಲ್ಲಿಬಿಡಿ," ಎಂದರು.

ಅಕ್ಕನಿಗೆ ರೇಗಿತು. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದಳಂತೆ! ಹೊಸ ಗ್ಲಾಸನ್ನ ರಟ್ಟಿನ ಪೆಟ್ಟಿಗೆಯಿಂದ ತೆಗೆದು, ತೊಳೀದೇನೇ ಸುರಕೊಂಡ್ರಲ್ಲ ಸಾರ್?" ಎಂದವಳೇ ತಾನು ತೊಳೆದ ಗ್ಲಾಸಿಗೆ ಅದೇ ವೈನ್ ಸುರಿದು, ಮೂಸಿ, ಕೊಟ್ಟಳು. "ಮೊದಲು ನೇರಳೆ ಹಣ್ಣಿನ ವಾಸನೆ, ಹಿಂದೇನೇ ಕರಿಮೆಣಸಿಂದು. ಹುರಿದ ಅಣಬೆ ಜೊತೆ ಕುಡೀರಿ."

ಮುಖ್ಯಸ್ಥರು ಕುಡಿದು ನೋಡಿ, ಅವಳು ಹೇಳಿದ್ದನ್ನೇ ಬರೆದುಕೊಂಡರು. ಮರುದಿನ ಅಕ್ಕನಿಗೆ ತೊಳೆಯಲು ಒಂದು ಗ್ಲಾಸು ಹೆಚ್ಚಿತ್ತು; ಮುಖ್ಯಸ್ಥರೇ ಕರೆದು ಕೊಟ್ಟ ಆ ಗ್ಲಾಸಿನಲ್ಲಿ ಮೊದಲ ಸಲ ರುಚಿ ನೋಡಿದವಳು ಅವಳೇ.