ಬೀರೋಬನ ಮುಂದೆ ಪೋಕರ್

ಮನುಷ್ಯನ ಬಾಳಿನಲ್ಲಿ ಎರಡು ದಾರಿ ಕೂಡುವ ಒಂದು ಗಳಿಗೆ ಬಂದೇ ಬರುತ್ತದೆ, ಅವನ ವಿವೇಕ ಎಷ್ಟರದೆಂಬುದು ಆ ಗಳಿಗೆಯಲ್ಲೇ ತೀರ್ಮಾನವಾಗುತ್ತದೆ. ನನ್ನ ಬಾಳಿನಲ್ಲಿ ಆ ಗಳಿಗೆ ಬಂದಾಗ ಮಧ್ಯಾಹ್ನವಾಗಿತ್ತು, ನಾನಿನ್ನೂ ಎದ್ದಿರಲಿಲ್ಲ.

ಇದೆಲ್ಲ ನೆನಪಾದದ್ದು ಒದ್ದೆ ಕಂಬಳಿಯ ವಾಸನೆಯಿಂದ. ಮೊನ್ನೆ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಎಸ್.ಟಿ.ಯಲ್ಲಿ ಹೊರಟಿದ್ದೆ. ವಳಸಂಗದ ಹತ್ತಿರ ಮಳೆ ಹಿಡಿಯಿತು. ಒಬ್ಬ ಮುದುಕ ಕೈ ಮಾಡಿ ಬಸ್ಸು ನಿಲ್ಲಿಸಿ ಹತ್ತಿದ, ತೊಯ್ದ ಕಂಬಳಿ ಸಮೇತ ನನ್ನ ಪಕ್ಕದಲ್ಲೇ ಕೂತ. ಉಣ್ಣೆ, ಕುರಿಹಟ್ಟಿ, ಅದರೊಳಗೆ ಎಲ್ಲೋ ಒಂದಿಷ್ಟು ಭಂಡಾರದ ಅರಿಷಿಣ... ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ನನಗೆ ವಾಸನೆ ತಡೆಯಲಾಗಲಿಲ್ಲವೆಂದು ತಿಳಿದು ಮುದುಕ ಸಂಕೋಚದಿಂದ ಕಂಬಳಿ ಮುದುರಿ ಕಾಲಡಿ ಇಟ್ಟುಕೊಂಡ. ಹಾಗಲ್ಲ ಅಂತ ಅವನಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳದೆ ಕೂಡುವ ವಿದ್ಯೆಯಲ್ಲಿ ನಾನು ಪಳಗಿದವನು.

ಕರಜಗಿಯಲ್ಲಿ ನಮ್ಮ ಮನೆಯೂ ಬೀರೋಬನ ಪೂಜಾರಿಯ ಮನೆಯೂ ಒಂದೇ ಗೋಡೆಯ ಆಚೀಚೆ. ಅವರು ನಮಗೆ ನೆಂಟರಲ್ಲ. ಗೋಡೆ ಒಂದೇ ಆದದ್ದಕ್ಕೆ ಕಾಕಾ ಆಗಿದ್ದರು. ಕುರಿ ಕಾಯುವುದು ಅವರ ಕೆಲಸ, ಪೂಜೆ ಮನೆತನದಿಂದ ಬಂದದ್ದು, ಕೌಲು ಹಚ್ಚುವುದು ಊರಿಗೆ ಊರೇ ಅವರ ಮೇಲೆ ಹೊರಿಸಿದ್ದ ಹೊಣೆ. ಕೌಲು ಎಂದರೆ ದೇವರನ್ನು ಕೇಳುವುದು. ಬೀರೋಬನ ಎರಡೂ ಭುಜಕ್ಕೆ ನೀರು ಸವರಿ, ಒಂದೊಂದು ಕಣಗಿಲೆ ಹೂವಿನ ಎಸಳು ಅಂಟಿಸಿ, ಇದಾದರೆ ಬಲಕ್ಕೆ ಕೊಡು, ಅದಾದರೆ ಎಡಕ್ಕೆ ಕೊಡು ಎಂದು ಬೇಡಿ ಕಾಯುವುದು. ಯಾವ ಎಸಳು ಮೊದಲು ಬೀಳುತ್ತದೋ ಅದು ಅಪ್ಪಣೆ. ತಡವಳದಿಂದಲೂ ಜನ ಬರುತ್ತಿದ್ದರು. ಬಾವಿ ಎಲ್ಲಿ ತೋಡಬೇಕು, ಸಂಬಂಧ ಕೂಡುತ್ತದೋ ಇಲ್ಲವೋ, ಕಳೆದ ಎಮ್ಮೆ ಯಾವ ದಿಕ್ಕಿಗೆ ಹೋಗಿದೆ. ಕೌಲಿನ ದಿನ ಕಾಕಾ ಉಪವಾಸ ಇರುತ್ತಿದ್ದರು. ಕೇಳುವವನ ಮನಸ್ಸಿನಲ್ಲಿ ಬೇರೆ ಏನೂ ಇರಕೂಡದು, ಇದ್ದರೆ ದೇವರು ಯಾವುದಕ್ಕೆ ಉತ್ತರ ಕೊಡಬೇಕು ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಗೆ ನನ್ನ ಶಾಸ್ತ್ರದಲ್ಲೂ ಉತ್ತರ ಇರಲಿಲ್ಲ.

ನನ್ನ ಶಾಸ್ತ್ರ ಸಂಖ್ಯಾಶಾಸ್ತ್ರ. ಸೊಲ್ಲಾಪುರದಲ್ಲಿ ಎಂ.ಎಸ್ಸಿ. ಎರಡನೆಯ ವರ್ಷಕ್ಕೆ ಬಂದು, ಪರೀಕ್ಷೆಗೆ ಮುಂಚೆ ಯುನಿವರ್ಸಿಟಿ ಬಿಟ್ಟಿದ್ದೆ. ಬಿಡಲು ಕಾರಣ ಪೋಕರ್. ಕೆಲವು ವರ್ಷಗಳ ಹಿಂದಿನ ಮಾತು. ಆಗ ಆ ಆಟ ಲ್ಯಾಪ್‌ಟಾಪಿನಲ್ಲೂ ಫೋನಿನಲ್ಲೂ ಯಾರ ಅಂಜಿಕೆಯಿಲ್ಲದೆ ನಡೆಯುತ್ತಿತ್ತು. ಮೊದಲು ಮೆಸ್ಸಿನ ಖರ್ಚು ಹುಟ್ಟಿತು, ಆಮೇಲೆ ಕೋಣೆಯ ಬಾಡಿಗೆ ಹುಟ್ಟಿತು, ಆಮೇಲೆ ಅಹಂಕಾರ ಹುಟ್ಟಿತು. ಚಾದರಿನ ಮಗ್ಗಗಳ ಓಣಿಯಲ್ಲಿ ಒಂದು ಕೋಣೆ ಹಿಡಿದೆ. ಹಗಲೆಲ್ಲ ಕೆಳಗೆ ಮಗ್ಗ ಖಟಖಟ ಅನ್ನುತ್ತಿದ್ದವು, ಮೇಲೆ ನಾನು ಮಲಗಿರುತ್ತಿದ್ದೆ. ಸಂಖ್ಯಾಶಾಸ್ತ್ರವನ್ನು ಓದುವುದು ಬೇರೆ, ಬದುಕುವುದು ಬೇರೆ ಎಂದು ನನಗೆ ನಾನೇ ಉಪನ್ಯಾಸ ಕೊಟ್ಟುಕೊಳ್ಳುತ್ತಿದ್ದೆ. ಸಭಿಕ ಒಬ್ಬನೇ ಆದ್ದರಿಂದ ಚಪ್ಪಾಳೆಗೆ ಕೊರತೆ ಇರಲಿಲ್ಲ.

ಊರಲ್ಲಿ ಮಾತ್ರ ಇದನ್ನು ಹೇಳುವ ಧೈರ್ಯ ಇರಲಿಲ್ಲ. ಅವ್ವ ಕೇಳಿದವರಿಗೆಲ್ಲ 'ಆನ್‌ಲೈನ್ ಕೆಲ್ಸ ಮಾಡಾಕತ್ಯಾನ' ಅನ್ನುತ್ತಿದ್ದಳು. ಅವಳಿಗೆ ನಿಜ ಗೊತ್ತಿತ್ತು. ಆ ಮಾತು ಹೇಳುವಾಗ ಅವಳು ಸೆರಗು ಸರಿಮಾಡಿಕೊಳ್ಳುವುದನ್ನು ನೋಡಿದ್ದೇನೆ. ಅಪ್ಪ ಹೇಳುವ ಪ್ರಸಂಗವೇ ಬರದಂತೆ ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಿದ್ದ.

ಆ ಬೇಸಿಗೆಯಲ್ಲಿ ಯುನಿವರ್ಸಿಟಿಯವರು ಅರ್ಧಕ್ಕೆ ಬಿಟ್ಟವರು ಮರಳಿ ಸೇರಬಹುದು ಎಂದರು. ನಾನು ತಕ್ಕಡಿ ಹಿಡಿದು ಕೂತೆ. ಯುನಿವರ್ಸಿಟಿಯ ಕಡೆ: ಅವ್ವನ ಸೆರಗು, ಅಪ್ಪನ ಮದುವೆ ಊಟ, ನನ್ನ ಹೆಸರಿನ ಮುಂದೆ ಮೂರು ಅಕ್ಷರ. ಪೋಕರಿನ ಕಡೆ: ಹಾಜರಿ ಇಲ್ಲ, ಜರ್ನಲ್ ಇಲ್ಲ, ಸರ್ ಅನ್ನಬೇಕಾದವರು ಇಲ್ಲ, ಆ ತಿಂಗಳು ಕೈ ಚೆನ್ನಾಗಿ ನಡೆದಿತ್ತು. ದಿನಗಟ್ಟಲೆ ತೂಗಿದರೂ ಮುಳ್ಳು ಆಡುತ್ತಲೇ ಇತ್ತು. ಕೊನೆಗೆ ಅವ್ವ ಫೋನಿನಲ್ಲಿ, ನನಗೂ ತಿಳಿಯದು ನಿನಗೂ ತಿಳಿಯದು, ಬಂದು ಬೀರೋಬನ್ನ ಕೇಳು ಅಂದಳು. ನಾನು ಒಪ್ಪಿದೆ. ಒಳಗಿನ ಗುಟ್ಟು ಇಷ್ಟೆ: ಪೋಕರ್ ಬೇಡ ಅಂತ ಯಾರಾದರೂ ಅನ್ನಲಿ ಅಂತ ನಾನು ಕಾಯುತ್ತಿದ್ದೆ. ದೇವರೇ ಅಂದರೆ ಸೋತ ಹಾಗೂ ಆಗುವುದಿಲ್ಲ.

ಗುಡಿಯಲ್ಲಿ ಐದಾರು ಜನ ಇದ್ದರು. ಕಾಕಾ ಕಂಬಳಿ ಹಾಸಿ ಕೂತಿದ್ದರು. ನನ್ನ ಹಣೆಗೆ ಭಂಡಾರ ಹಚ್ಚಿ, ಏನು ಕೆಲಸ ಮಾಡುತ್ತಿ ಅಂತ ಕೇಳಿದರು. ಅವ್ವನ ಮಾತನ್ನೇ ಹೇಳಿದೆ.

"ಹಂಗಂದ್ರ ಅಂವಗ ತಿಳಿಯಂಗಿಲ್ಲ ತಮ್ಮಾ," ಅಂದರು ಕಾಕಾ, ದೇವರ ಕಡೆ ಕೈ ಮಾಡಿ. "ಬಿಡಿಸಿ ಹೇಳು."

"ಎಲಿ ಆಟ ರೀ ಕಾಕಾ."

ಎಮ್ಮೆ ಕಳಕೊಂಡು ಬಂದಿದ್ದ ಮುದುಕಿಯೊಬ್ಬಳು, "ಇಸ್ಪೀಟಾ?" ಅಂದಳು. ಅವಳ ದನಿಯಲ್ಲಿ ಎಮ್ಮೆಯ ದುಃಖ ಅರ್ಧ ಇಳಿದಿತ್ತು.

ಕಾಕಾ ನಗಲಿಲ್ಲ. ಎದುರಿಗೆ ಯಾರು ಕೂಡುತ್ತಾರೆ ಅಂತ ಕೇಳಿದರು. ಗೊತ್ತಿಲ್ಲ, ಮುಖ ಕಾಣುವುದಿಲ್ಲ, ಹೆಸರೂ ಖರೇದಲ್ಲ ಅಂದೆ. ಅವರಿಗೆ ನಿಜವಾಗಿ ಕೆಡುಕೆನಿಸಿದ್ದು ಆಗಲೇ. ಯಾರ ಜೋಡಿ ಕುಂತೀನಿ ಅನ್ನೋದೂ ತಿಳಿಯದ ಆಟ ಎಂಥಾ ಆಟ ಅಂತ ಮೆಲ್ಲಗೆ ಅಂದುಕೊಂಡರು. ಆಮೇಲೆ ದೇವರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ನನ್ನ ಅರ್ಜಿ ಹಾಕಿದರು.

"ಅಪ್ಪಾ, ಹುಡುಗ ರೊಕ್ಕ ಹಚ್ಚಿ ಎಲಿ ಆಡ್ತಾನ. ನಾವು ಜೂಜ ಅಂತೀವಿ, ಅಂವ ಬ್ಯಾರೆ ಹೆಸರ ಇಟ್ಟಾನ. ದೊಡ್ಡ ಸಾಲಿಗೆ ಹೋಗಬೇಕಂದ್ರ ಬಲಕ್ಕ ಕೊಡು, ಎಲೀನ ಆಡಬೇಕಂದ್ರ ಎಡಕ್ಕ ಕೊಡು."

ನನ್ನ ಜೀವನದ ಸಾರಾಂಶವನ್ನು ಅಷ್ಟು ಚಿಕ್ಕದಾಗಿ ಅದಕ್ಕೆ ಮುಂಚೆಯೂ ಆಮೇಲೂ ಯಾರೂ ಹೇಳಿಲ್ಲ. ನೆಲ ನೋಡುತ್ತ ಕೂತೆ. ನಡುನಡುವೆ ಕತ್ತೆತ್ತಿದಾಗ ಕಾಕಾ ಬಾಗಿಲ ಕಡೆ ನೋಡುತ್ತಿದ್ದರು. ಹೊರಗೆ ಅವರ ಕುರಿ ಒದರುತ್ತಿತ್ತು. ಮುಖ ಕಾಣದ ಆಟ ಆಡುವವನಿಗೂ ಮುಖ ಓದುವುದು ಬರುತ್ತದೆಂಬ ಭ್ರಮೆ ಇರುತ್ತದೆ. ನನ್ನ ಪರವಾಗಿ ಅವರಿಗೂ ನಾಚಿಕೆಯಾಗಿದೆ ಎಂದು ಓದಿದೆ. ಬಹಳ ಹೊತ್ತು ಏನೂ ಬೀಳಲಿಲ್ಲ. ಆಮೇಲೆ ಬಿತ್ತು. ಎಡಕ್ಕೆ.

ಅವ್ವ ಮತ್ತೊಮ್ಮೆ ಕೇಳಿ ನೋಡಬಾರದೇ ಅಂದಳು. ಹಾಗೆ ಕೇಳಿದರೆ ಅಂವನ ಮಾತಿಗೆ ಬೆಲೆ ಏನು ಅಂದರು ಕಾಕಾ. ಎಸಳನ್ನು ನನ್ನ ಕೈಯಲ್ಲಿಟ್ಟು, ಛಲೋ ಆಡು ಅಂತ ತಲೆ ಮೇಲೆ ಕೈ ಇಟ್ಟು ಅವಸರದಿಂದ ಹೊರಗೆ ಹೋದರು.

ಹೀಗೆ ನಾನು ದೇವರ ಅಪ್ಪಣೆಯ ಮೇರೆಗೆ ಜೂಜಾಡುವ ಮನುಷ್ಯನಾದೆ. ಜಗತ್ತಿನಲ್ಲಿ ಅಂಥವರು ಹೆಚ್ಚು ಇರಲಿಕ್ಕಿಲ್ಲ. ಕಾಲೇಜಿಗೆ ಹೋಗದ್ದಕ್ಕೆ ಬಯ್ಯಬೇಕಾದ ಮುದುಕಿಯರು ನನ್ನನ್ನು ಕಂಡರೆ ದೃಷ್ಟಿ ತೆಗೆಯತೊಡಗಿದರು. ಕಟ್ಟೆಯ ಮೇಲೆ ಎಲೆ ಆಡಿ ಸಿಕ್ಕುಬಿದ್ದ ಹುಡುಗರಿಗೆ ಅವರಪ್ಪಂದಿರು, ನಿನಗೇನು ಬೀರೋಬ ಹೇಳ್ಯಾನೇನು ಅಂತ ಕೇಳುತ್ತಿದ್ದರಂತೆ. ಬೈಸಿಕೊಳ್ಳುವುದಕ್ಕಿಂತ ಹರಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ನನಗೆ ಆಗ ತಿಳಿಯಿತು. ಕಾಕಾ ಅಂತೂ ಅಮಾವಾಸ್ಯೆಗೊಮ್ಮೆ ನನ್ನ ಹೆಸರಲ್ಲಿ ಕಾಯಿ ಒಡೆದು ಫೋನು ಮಾಡುತ್ತಿದ್ದರು. ಆಟ ಹೆಂಗ ನಡದದ? ಛಲೋ ನಡದದ ರೀ. ಇಷ್ಟೇ ಮಾತು.

ಆಟ ಛಲೋ ನಡೆದಿರಲಿಲ್ಲ. ದೀಪಾವಳಿಯ ಹೊತ್ತಿಗೆ ಲ್ಯಾಪ್‌ಟಾಪು ಮಾರಿ ಫೋನಿನಲ್ಲಿ ಆಡುತ್ತಿದ್ದೆ. ನಾನು ಆಡುತ್ತಿದ್ದುದು ಆಟವಲ್ಲ, ಹಠ. ಮುಂದಿನ ಎಲೆ ಏನು ಬರಬಹುದು ಎಂಬ ಲೆಕ್ಕ ಗೊತ್ತಿದ್ದೂ ಅದರ ವಿರುದ್ಧ ಆಡುತ್ತಿದ್ದೆ. ಸೋತದ್ದನ್ನು ಮರಳಿ ತರುವ ಆತುರ. ಇದರಲ್ಲಿ ಬೀರೋಬನದೂ ತಪ್ಪಿಲ್ಲ, ಎಲೆಯದೂ ತಪ್ಪಿಲ್ಲ. ಅವ್ವನಿಗೆ ಅದು ಹೇಗೋ ಗೊತ್ತಾಯಿತು. ಅವಳು ನನ್ನ ಜೊತೆ ಜಗಳವಾಡಲಿಲ್ಲ. ಗೋಡೆಯಾಚೆ ಹೋಗಿ ಕಾಕಾಗೆ ಹೇಳಿದಳು.

ಆ ಮಧ್ಯಾಹ್ನ ಬಾಗಿಲು ಬಡಿದ ಸದ್ದಿಗೆ ಎದ್ದೆ. ಹೊರಗೆ ಕಾಕಾ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಣಗಿದ ಕಟಿ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯ ಗಂಟು. ಅಕಾಲದ ಮಳೆಗೆ ಪೂರ್ತಿ ತೊಯ್ದಿದ್ದರು. ಕುರ್ಚಿ ತೋರಿಸಿದೆ, ಕೂಡಲಿಲ್ಲ. ಕೆಳಗಿನ ಮಗ್ಗಗಳ ಸದ್ದಿನಲ್ಲಿ ಅವರ ಮಾತು ಮೊದಲು ಕೇಳಿಸಲೇ ಇಲ್ಲ. ಹತ್ತಿರ ಹೋದೆ.

"ತಪ್ಪ ನಂದು ತಮ್ಮಾ," ಅನ್ನುತ್ತಿದ್ದರು. "ಅವತ್ತ ಕುರಿ ಈಯಾಕತ್ತಿತ್ತು. ಬಾಯಿಲೆ ನಿನ್ನ ಸಾಲಿ ಕೇಳಿನಿ, ಮನಸಿನ್ಯಾಗ ಕುರಿದು ಕೇಳಿನಿ. ಗಂಡ ಮರಿ ಆದ್ರ ಬಲಕ್ಕ, ಹೆಣ್ಣ ಮರಿ ಆದ್ರ ಎಡಕ್ಕ ಅಂತ. ಅಂವ ಕುರಿದು ಹೇಳ್ಯಾನ."

ಕಾಕಾ ಕೈಯಲ್ಲಿದ್ದ ಗಂಟನ್ನು ಕುರ್ಚಿಯ ಮೇಲಿಟ್ಟರು.

"ಹೊರಗ ಹೋಗೂದ್ರಾಗ ಹೆಣ್ಣ ಮರಿ ಹಾಕಿತ್ತು. ಅವಾಗನ ತಿಳೀಬೇಕಿತ್ತು ನನಗ. ನನ್ನ ಕುರಿಮರಿ ಸಲುವಾಗಿ ನಿನ್ನ ವರ್ಷ ಹೋತು."

ಅವರ ಕಂಬಳಿಯಿಂದ ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಆಗ ನಾನು ಹೇಳಬೇಕಾದದ್ದು ಬಹಳ ಇರಲಿಲ್ಲ. ಹಾಳು ಮಾಡಿಕೊಂಡದ್ದು ನಾನು, ಕಾಕಾ. ಕುರಿ ಪಾಪ ಏನು ಮಾಡೀತು. ಇಷ್ಟೇ. ಅದರ ಬದಲು ನಾನೇನು ಮಾಡಿದೆ ಎಂಬುದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ನಾನು ಅವರನ್ನು ಕ್ಷಮಿಸಿದೆ.

"ಇರ್ಲಿ ಬಿಡ್ರಿ ಕಾಕಾ, ಆಗೂದ ಆತು," ಅಂದೆ. ನನ್ನ ದನಿಯಲ್ಲಿ ಔದಾರ್ಯವೂ ಇತ್ತು. ತಿಂಗಳುಗಟ್ಟಲೆ ಎಲ್ಲಿಡಬೇಕೆಂದು ತಿಳಿಯದೆ ಹೊತ್ತು ತಿರುಗಿದ ಭಾರವನ್ನು ಯಾರೋ ತಾವಾಗಿ ಬಂದು ಇಸಿದುಕೊಂಡಿದ್ದರು. ನಾನು ಕೊಟ್ಟುಬಿಟ್ಟೆ. ಅವರ ಮುಖ ಎಷ್ಟು ಹಗುರಾಯಿತೆಂದರೆ, ಆ ಗಳಿಗೆಯಲ್ಲಿ ನಾನು ದೊಡ್ಡ ಮನುಷ್ಯನೆಂದು ನನಗೇ ಅನಿಸಿತು.

ಹಾಗಾದರೆ ಸಾಲಿಗೆ ಹೋಗುತ್ತೀಯಾ ಅಂದರು. ಹೋಗುತ್ತೇನೆ ಅಂದೆ. ಇವತ್ತೇ ಕೇಳಿಬರೋಣ ಅಂತ ಸಿಟಿ ಬಸ್ಸು ಹತ್ತಿಸಿದರು. ಯುನಿವರ್ಸಿಟಿ ಆಫೀಸಿನಲ್ಲಿ ಕ್ಲಾರ್ಕು ಮರಾಠಿಯಲ್ಲಿ, ನಡುವೆ ಏಕೆ ಬಿಟ್ಟೆ ಅಂತ ಕೇಳಿದ. ನಾನು ಕಾರಣ ಹೊಂದಿಸಿಕೊಳ್ಳುತ್ತಿದ್ದಾಗ ಕಾಕಾ ಮುಂದೆ ಬಾಗಿ, "ಚೂಕ್ ಮಾಝೀ ಆಹೆ ಸಾಹೇಬ," ತಪ್ಪು ನನ್ನದು ಅಂದರು. ಕ್ಲಾರ್ಕು ಕಂಬಳಿ ನೋಡಿದ, ನನ್ನನ್ನು ನೋಡಿದ, ಮನೆಯ ಅಡಚಣೆ ಅಂತ ಬರೆದುಕೊಂಡ. ಮುಂದಿನ ಜೂನಿಗೆ ಬರಲು ಹೇಳಿದ. ಅಲ್ಲಿಯೂ ನಾನು ಸುಮ್ಮನಿದ್ದೆ. ಹೊರಗೆ ಬೇವಿನ ಕೆಳಗೆ ಕೂತು ಇಬ್ಬರೂ ರೊಟ್ಟಿ ತಿಂದೆವು. ಕಾಕಾ ಸುತ್ತಲೂ ನೋಡಿ, ಇಷ್ಟು ದೊಡ್ಡ ಜಾಗ, ಕುರಿ ಮೇಯಲಿಕ್ಕೆ ಬಿಡುತ್ತಾರೋ ಇಲ್ಲವೋ ಅಂದರು.

ಊರಿಗೆ ಹೋದ ಮೇಲೆ ಅವರು ಗುಡಿಯಲ್ಲಿ ನಿಂತು ಎಲ್ಲರ ಮುಂದೆ ಅದೇ ಮಾತು ಹೇಳಿದರಂತೆ. ಪೂಜಾರಿಯ ಮನಸ್ಸು ಕುರಿಹಟ್ಟಿಗೆ ಹೋಗಿತ್ತು, ಹುಡುಗನದು ತಪ್ಪಿಲ್ಲ. ಅಂದಿನಿಂದ ಕೌಲಿನ ಕೆಲಸ ಅಣ್ಣನ ಮಗನಿಗೆ ಬಿಟ್ಟರು. ನಾನು ರಜೆಗೆ ಹೋದಾಗ ಕಟ್ಟೆಯ ಮೇಲೆ ಕೂತು ಹೂವಿನ ಬುಟ್ಟಿ ಕಾಯುತ್ತಿದ್ದರು. ತಡವಳದಿಂದ ಬಂದವರು ನೀವೇ ಕೇಳಬೇಕು ಅಂತ ಗಂಟು ಬಿದ್ದರೆ, ನನ್ನ ಮನಸ್ಸಿನ ಭರವಸೆ ಇಲ್ಲ ಅಂತ ಒಳಗೆ ಕಳಿಸುತ್ತಿದ್ದರು. ನನ್ನನ್ನು ಕಂಡರೆ ಅಭ್ಯಾಸ ಹೇಗೆ ನಡೆದಿದೆ ಅಂತ ಕೇಳುತ್ತಿದ್ದರು. ಆಗ ಛಲೋ ನಡೆದಿತ್ತು, ನಿಜವಾಗಿಯೂ. ಪರೀಕ್ಷೆ ಮುಗಿಯಲಿ, ಪಾಸಾದ ಮೇಲೆ ಪೇಢೆ ಕೊಡುವ ನೆಪದಲ್ಲಿ ಎಲ್ಲ ಹೇಳೋಣ ಅಂದುಕೊಂಡೆ. ಪಾಸಾದವನು ಹೇಳಿದರೆ ತಪ್ಪೊಪ್ಪಿಗೆಗೂ ಒಂದು ಘನತೆ ಇರುತ್ತದೆ ಎಂಬ ಲೆಕ್ಕ...

ಫಲಿತಾಂಶ ಬರುವ ಮೊದಲೇ ಅವರು ಹೋದರು. ಜ್ವರ ಅಂತ ಮಲಗಿದವರು ಏಳಲಿಲ್ಲ. ನಾನು ಮುಟ್ಟುವ ಹೊತ್ತಿಗೆ ಮಣ್ಣು ಆಗಿತ್ತು. ಅವ್ವ, ನಿನ್ನ ಪರೀಕ್ಷೆಯ ಸುದ್ದಿ ಕೇಳುತ್ತಿದ್ದರು ಅಂದಳು.

ಈಗ ಅಕ್ಕಲಕೋಟೆಯ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದ ಮೇಲೆ ಪಾಠ ಮಾಡುತ್ತೇನೆ. ಸಂಭವನೀಯತೆ ಕಲಿಸುವಾಗ ಹುಡುಗರು ಎಲೆಯ ಉದಾಹರಣೆ ಕೇಳುತ್ತಾರೆ. ನಾಣ್ಯದ ಉದಾಹರಣೆ ಕೊಟ್ಟು ಮುಗಿಸುತ್ತೇನೆ. ಅಪ್ಪ ಮದುವೆಗಳಿಗೆ ಹೋಗುತ್ತಾನೆ. ಕರಜಗಿಯಲ್ಲಿ ಇವತ್ತಿಗೂ ನನ್ನ ಒಂದು ವರ್ಷ ಹಾಳಾದದ್ದು ಪೂಜಾರಿಯ ಕುರಿಯಿಂದ ಅಂತಲೇ ಜನ ನಂಬಿದ್ದಾರೆ.

ನಾನು ಎಂ.ಎಸ್ಸಿ. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ. ಕಾಕಾ ಮತ್ತೆ ಕೌಲು ಹಚ್ಚಲಿಲ್ಲ.